ಹಾಲ್‌ಗೆ ಯಾವ ಊದುಬತ್ತಿ? ಸೈಕಲ್, ನಾಗಚಂಪಾ, ಗಂಧ, ಸಾಂಬ್ರಾಣಿ – ಹಚ್ಚಿ ನೋಡಿದ ಹೋಲಿಕೆ

ಅಂಗಡಿಯಲ್ಲಿ ಊದುಬತ್ತಿ ಆರಿಸುವಾಗ ಎಲ್ಲರೂ ಮಾಡುವುದು ಒಂದೇ. ಪ್ಯಾಕೆಟ್ ಎತ್ತಿ ಮೂಗಿಗೆ ಹಿಡಿಯುತ್ತೇವೆ. ಹಚ್ಚದ ಕಡ್ಡಿಯ ವಾಸನೆ ಒಂದು, ಉರಿಯುವಾಗಿನದು ಇನ್ನೊಂದು. ಆರಿ ಒಂದು ಗಂಟೆ ಕಳೆದ ಮೇಲೆ ಪರದೆ, ದಿಂಬುಗಳಲ್ಲಿ ಉಳಿಯುವುದು ಮತ್ತೊಂದು. ಮನೆಯವರು ಬಾಳಬೇಕಾದ್ದು ಈ ಮೂರನೆಯದರ ಜೊತೆ. ಹಾಗಾಗಿ ನಾನು ಅದನ್ನೇ ಅಳತೆಗೋಲು ಮಾಡಿಕೊಂಡೆ.

ಇದು ದೇವರ ಕೋಣೆಯ ಲೆಕ್ಕ ಅಲ್ಲ. ಹಾಲ್‌ನ ಲೆಕ್ಕ. ಮೀನು ಹುರಿದ ಸಂಜೆ, ಮಳೆಗಾಲದಲ್ಲಿ ಬಟ್ಟೆ ಒಣಗದೆ ಮನೆ ಮುಗ್ಗಲು ಹಿಡಿದಾಗ, ನೆಂಟರು ಬರುವ ಮುಂಚೆ ಏನು ಹಚ್ಚಬೇಕು ಅನ್ನುವ ಲೆಕ್ಕ. ಹತ್ತು ರೂಪಾಯಿ ಪ್ಯಾಕೆಟ್ಟನ್ನೂ ಉಡುಗೊರೆ ಡಬ್ಬಿಯನ್ನೂ ಬಿಟ್ಟು ನಡುವಿನ ಬೆಲೆಯವನ್ನು ತಂದೆ. ಒಂದೇ ಜಾಗ, ಒಂದು ಕಿಟಕಿ ಅರ್ಧ ತೆರೆದು, ಒಂದು ಸಂಜೆಗೆ ಒಂದೇ ಬಗೆ.

ಹೋಲಿಸುವ ಮುಂಚೆ ಒಂದು ವಿಷಯ ಗೊತ್ತಿದ್ದರೆ ಒಳ್ಳೆಯದು. ಕಪ್ಪಗಿರುವ ತೆಳು ಕಡ್ಡಿಗಳು ಸಾಮಾನ್ಯವಾಗಿ ಇದ್ದಿಲ ಪುಡಿ ಮತ್ತು ಜಿಗಟು ಪುಡಿ ಕಲಸಿ ಬಿದಿರ ಕಡ್ಡಿಗೆ ಹೊಸೆದವು. ಹೊಸೆದು ಒಣಗಿಸಿದ ಮೇಲೆ ಸುಗಂಧದಲ್ಲಿ ಅದ್ದುತ್ತಾರೆ. ಕಂದು ಬಣ್ಣದ ದಪ್ಪ ಕಡ್ಡಿಗಳು ಮಸಾಲೆ ಬತ್ತಿ. ಇವುಗಳಲ್ಲಿ ಗಂಧದ ಪುಡಿ, ಗೋಂದು, ಬೇರು, ಹೂವಿನ ಎಣ್ಣೆ ಎಲ್ಲವೂ ಕಣಕದೊಳಗೇ ಸೇರಿರುತ್ತವೆ. ಅದ್ದಿದ ಕಡ್ಡಿ ಹಚ್ಚಿದ ಕೂಡಲೇ ಘಮ್ಮೆನ್ನುತ್ತದೆ. ಮಸಾಲೆ ಬತ್ತಿ ನಿಧಾನಕ್ಕೆ ಬಿಟ್ಟುಕೊಡುತ್ತದೆ, ಹೋಗುವುದೂ ನಿಧಾನ. ನನ್ನ ಮೂಗಿಗೆ ಬ್ರ್ಯಾಂಡ್‌ಗಿಂತ ಈ ವ್ಯತ್ಯಾಸವೇ ಜಾಸ್ತಿ ಗೊತ್ತಾಯಿತು.

ಮೊದಲು ಸೈಕಲ್ ತ್ರೀ ಇನ್ ಒನ್. ಎನ್. ರಂಗರಾವ್ ಅವರು 1948ರಲ್ಲಿ ಮೈಸೂರಿನಲ್ಲಿ ಶುರು ಮಾಡಿದ ಕಂಪನಿಯದು. ಹಳೇ ಮೈಸೂರಿನ ಮನೆಗಳಲ್ಲಿ ಬೆಳೆದವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಒಂದೇ ಪ್ಯಾಕೆಟ್‌ನಲ್ಲಿ ಮೂರು ಬಗೆಯ ಪರಿಮಳ. ಹಚ್ಚಿ ಎರಡು ನಿಮಿಷದಲ್ಲಿ ಇಡೀ ಹಾಲ್ ತುಂಬುತ್ತದೆ. ಆರಿದ ಮೇಲೆ ಮೆಲ್ಲಗೆ ಜಾಗ ಖಾಲಿ ಮಾಡುತ್ತದೆ. ಒಂದು ಗಂಟೆ ಬಿಟ್ಟು ಹೊರಗಿಂದ ಬಂದವರಿಗೆ ಪೂಜೆ ಆಗಿದೆ ಅನ್ನುವಷ್ಟು ಸುಳಿವು ಮಾತ್ರ. ಬೆಳಗಿನ ಹೊತ್ತಿಗೆ ನನಗೆ ಬೇಕಾದದ್ದು ಇಷ್ಟೇ. ಮೀನಿನ ವಾಸನೆಯ ಮುಂದೆ ಮಾತ್ರ ಇದನ್ನು ನಿಲ್ಲಿಸಬೇಡಿ. ಅದು ಇದರ ಕೆಲಸ ಅಲ್ಲ.

ನಾಗಚಂಪಾದ್ದು ಬೇರೆಯೇ ಕಥೆ. ನೀಲಿ ಬಿಳಿ ಪೆಟ್ಟಿಗೆಯ ಸತ್ಯ ಸಾಯಿಬಾಬಾ ನಾಗಚಂಪಾ ಬೆಂಗಳೂರಿನ ಶ್ರೀನಿವಾಸ ಸುಗಂಧಾಲಯದ್ದು. 1964ರಲ್ಲಿ ಸತ್ಯಂ ಶೆಟ್ಟಿ ಅವರು ಶುರು ಮಾಡಿದ ಸಂಸ್ಥೆ. ತಮಾಷೆ ಅಂದರೆ, ನನಗೆ ಗೊತ್ತಿರುವ ಎಷ್ಟೋ ಬೆಂಗಳೂರಿನವರು ಇದನ್ನು ಮೊದಲು ಮೂಸಿದ್ದು ಅಮೆರಿಕದಲ್ಲೋ ಯುರೋಪಿನಲ್ಲೋ, ಯಾವುದೋ ಯೋಗ ಶಾಲೆಯಲ್ಲಿ. ನಮ್ಮೂರಲ್ಲೇ ತಯಾರಾಗುವುದು ಅಂತ ಆಮೇಲೆ ತಿಳಿದು ಬೆರಗಾಗುತ್ತಾರೆ. ಕಡ್ಡಿ ದಪ್ಪ, ಬಣ್ಣ ಮಣ್ಣಿನದು. ಸಂಪಿಗೆ ಇದೆ, ಗಂಧ ಇದೆ, ಅವೆರಡರ ಕೆಳಗೆ ಜೇನಿನಂಥ ಒಂದು ಸಿಹಿ ಇದೆ. ಈ ಬಗೆಯ ಬತ್ತಿಗೆ ಹಿಂದಿನಿಂದ ಹಾಕುತ್ತಿದ್ದದ್ದು ಹಾಲುಮಡ್ಡಿ ಗೋಂದು. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಬೆಳೆಯುವ ದೊಡ್ಡ ಮರದಿಂದ ಬರುವಂಥದ್ದು. ಅದಕ್ಕೆ ಗಾಳಿಯ ತೇವ ಹೀರುವ ಗುಣ ಇದೆ. ಮುಟ್ಟಿದರೆ ಕಡ್ಡಿ ಸ್ವಲ್ಪ ಮೆತ್ತಗೆ, ಹಸಿಯಾಗಿ ಇದ್ದರೆ ಹಾಳಾಗಿದೆ ಅಂದುಕೊಳ್ಳಬೇಡಿ.

ಪ್ಯಾಕೆಟ್‌ನಲ್ಲಿ ಮೂಸಿದಾಗ ನನಗೆ ಇದು ಪೌಡರ್ ಡಬ್ಬಿ ಅನ್ನಿಸಿತ್ತು. ಉರಿಯುವಾಗ ಹೊಗೆ ಗಟ್ಟಿ, ಹತ್ತಿರ ಕೂರಲು ಆಗದು. ಆದರೆ ಆರಿದ ಮೇಲೆ ನೋಡಿ! ಹೊಗೆ ಹೋಗಿ ಸಂಪಿಗೆ ಮಾತ್ರ ಉಳಿಯುತ್ತದೆ. ಮಾರನೇ ದಿನ ಬೆಳಿಗ್ಗೆ ಪರದೆ ಸರಿಸುವಾಗಲೂ ಒಂದೆಳೆ ಸಿಗುತ್ತದೆ. ಮುಗ್ಗಲು ಮನೆಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ನೆಂಟರು ಬರುವ ಹೊತ್ತಿಗೆ ಹಚ್ಚಬೇಡಿ, ಅವರು ಬರುವುದಕ್ಕೆ ಒಂದು ಗಂಟೆ ಮುಂಚೆ ಹಚ್ಚಿ ಮುಗಿಸಿ. ಚಿಕ್ಕ ಕೋಣೆಗೆ ಅರ್ಧ ಕಡ್ಡಿ ಸಾಕು. ತುದಿಯನ್ನು ಬೂದಿಗೆ ಒತ್ತಿದರೆ ಆರುತ್ತದೆ, ಉಳಿದದ್ದು ನಾಳೆಗೆ.

ಗಂಧದ ಕಡ್ಡಿ ಅಂದರೆ ನಮ್ಮಲ್ಲಿ ಎಲ್ಲರ ಕೈ ಮೈಸೂರು ಸ್ಯಾಂಡಲ್ ಕಡೆಗೆ ಹೋಗುತ್ತದೆ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಗಂಧದ ಮರ ಕಳಿಸುವುದು ನಿಂತಾಗ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಸೋಪಿನ ಜೊತೆಗೆ ಊದುಬತ್ತಿಯನ್ನೂ ಮಾಡುವ ಈಗಿನ ಸರ್ಕಾರಿ ಕಂಪನಿಯ ಬೇರು ಅಲ್ಲಿದೆ. ಅವರ ಕಡ್ಡಿ ನನಗೆ ಇಷ್ಟವಾದದ್ದು ಅದು ಗಲಾಟೆ ಮಾಡುವುದಿಲ್ಲ ಅಂತ. ಹೂವಿನ ಸಿಹಿ ಕಡಿಮೆ, ಮರದ ವಾಸನೆ ಜಾಸ್ತಿ. ಓದುವಾಗ, ಫೋನ್ ಬದಿಗಿಟ್ಟು ಸುಮ್ನೆ ಕೂತಾಗ ಹೊಂದುತ್ತದೆ. ಆರಿದ ಮೇಲೆ ನಾಗಚಂಪಾದಷ್ಟು ಹೊತ್ತು ನಿಲ್ಲದು, ತ್ರೀ ಇನ್ ಒನ್‌ಗಿಂತ ಜಾಸ್ತಿ ನಿಲ್ಲುತ್ತದೆ.

ಗಂಧ ಅಂತ ಬರೆದುಕೊಂಡ ಬೇರೆ ಪ್ಯಾಕೆಟ್‌ಗಳ ಬಗ್ಗೆ ಒಂದು ಮಾತು. ಶುದ್ಧ ಗಂಧದೆಣ್ಣೆಯ ಬೆಲೆ ಕಿಲೋಗೆ ಲಕ್ಷ ದಾಟುತ್ತದೆ. ಐವತ್ತು ರೂಪಾಯಿಯ ಪ್ಯಾಕೆಟ್‌ನಲ್ಲಿ ಅದು ಎಷ್ಟು ಇರಬಹುದು, ನೀವೇ ಲೆಕ್ಕ ಹಾಕಿ. ಹೆಸರು ಬೇಡ, ಅಂಥದೊಂದನ್ನು ಹಚ್ಚಿದ ಸಂಜೆ ಮನೆಯಲ್ಲಿ ಉಳಿದದ್ದು ಇದ್ದಿಲ ಹೊಗೆ ಮತ್ತು ನನ್ನ ತಲೆನೋವು.

ಕಪ್ ಸಾಂಬ್ರಾಣಿ ನಿಜಕ್ಕೂ ಅನುಕೂಲ. ಕೆಂಡ ಬೇಡ, ಹಂಚು ಬೇಡ, ಅಂಚಿಗೆ ಬೆಂಕಿ ತಾಗಿಸಿದರೆ ಸಾಕು. ಮೀನಿನ ವಾಸನೆಗೆ ಸರಿಸಾಟಿಯಾಗಿ ನಿಂತದ್ದು ಇದೊಂದೇ. ತಳದಲ್ಲಿ ಮಣ್ಣಿನ ತಟ್ಟೆ ಇಡಿ, ಕಪ್ ಕಾದು ಕೆಂಪಗಾಗುತ್ತದೆ. ಫ್ಲ್ಯಾಟ್‌ನಲ್ಲಿ ಹೊಗೆ ಪತ್ತೆ ಯಂತ್ರ ಇದ್ದರೆ ಬಾಲ್ಕನಿ ಬಾಗಿಲು ತೆರೆದೇ ಹಚ್ಚಿ. ಎಣ್ಣೆ ಸ್ನಾನದ ದಿನ ಕೂದಲಿಗೆ ಹಿಡಿಯುವ ಅಜ್ಜಿಯರಿಗೆ ಈ ಕಪ್ ಒಪ್ಪಿಗೆ ಆಗುವುದಿಲ್ಲ, ಅವರಿಗೆ ಕೆಂಡದ ಮೇಲಿನ ಗಟ್ಟಿಯೇ ಬೇಕು. ಅವರ ಮಾತು ಸರಿ ಅಂತ ನನಗೂ ಅನ್ನಿಸುತ್ತದೆ.

ಪರಿಮಳದ ಮೇಣದಬತ್ತಿಯನ್ನೂ ಸಾಲಿಗೆ ಸೇರಿಸಿದೆ. ರಂಗರಾವ್ ಮನೆತನದವರದೇ ಐರಿಸ್ ಇದೆಯಲ್ಲ. ಹೊಗೆ ಹತ್ತಿರ ಹತ್ತಿರ ಇಲ್ಲವೇ ಇಲ್ಲ, ಹೊಗೆಗೆ ಕೆಮ್ಮುವವರಿಗೆ ಇದೇ ಲೇಸು. ಆದರೆ ಮೇಣದಬತ್ತಿಗೆ ತಾಳ್ಮೆ ಬೇಕು. ಮೇಲಿನ ಮೇಣ ಅಂಚಿನವರೆಗೆ ಕರಗಿ ಕೆರೆಯಾಗುವ ತನಕ ಪರಿಮಳ ಸರಿಯಾಗಿ ಹೊರಡದು. ಮೊದಲ ಸಲ ಹಾಗೆ ಕರಗುವ ಮುಂಚೆಯೇ ಆರಿಸಿಬಿಟ್ಟರೆ ನಡುವೆ ಗುಂಡಿ ಬಿದ್ದು ಸುತ್ತಲಿನ ಮೇಣ ವ್ಯರ್ಥ. ಇನ್ನು ನಮ್ಮ ಸೀಲಿಂಗ್ ಫ್ಯಾನು! ಫ್ಯಾನಿನ ಕೆಳಗೆ ಜ್ವಾಲೆ ಕುಣಿದು ಗಾಜಿಗೆ ಮಸಿ ಹಿಡಿಯುತ್ತದೆ. ಬತ್ತಿಯನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸಿ, ಫ್ಯಾನ್ ಇಲ್ಲದ ಮೂಲೆಯಲ್ಲಿಟ್ಟರೆ ಸರಿ ಹೋಗುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಕೂರುವವರು ಯಾರು, ಅಲ್ವಾ?

ಆಸ್ತಮಾ ಇರುವವರು, ಹಸುಗೂಸು ಇರುವ ಮನೆಯವರು ಹೊಗೆ ಬರುವ ಯಾವುದನ್ನೂ ಮುಚ್ಚಿದ ಕೋಣೆಯಲ್ಲಿ ಹಚ್ಚಬೇಡಿ, ಅದು ಎಷ್ಟೇ ಒಳ್ಳೆಯದಾಗಿರಲಿ.

ತಂದ ಮೇಲೆ ಬೇರೆ ಬೇರೆ ಡಬ್ಬಿಯಲ್ಲಿಡಿ. ನಾಗಚಂಪಾದ ಪಕ್ಕ ಒಂದು ವಾರ ಇಟ್ಟರೆ ಗಂಧದ ಕಡ್ಡಿಗೂ ಸಂಪಿಗೆ ಹತ್ತಿಕೊಳ್ಳುತ್ತದೆ, ಕಾಫಿ ಪುಡಿಗೂ.