ಹೊಸ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಗ್ರಾಫಿಕ್ಸ್: ಒಂದೂವರೆ ವರ್ಷ ಬಳಸಿದ ಮೇಲೆ

ಗದಗದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಬ್ಯಾನರ್, ಇಂಥ ಕೆಲಸ. ಈ ಊರಲ್ಲಿ ಪ್ರಿಂಟಿಂಗ್ ಪ್ರೆಸ್‌ಗಳಿಗೆ ಕೊರತೆ ಇಲ್ಲ, ಹಾಗಾಗಿ ನಮ್ಮಂಥವರ ಹೊಟ್ಟೆಪಾಡಿಗೂ ತೊಂದರೆ ಇಲ್ಲ. ಹತ್ತು ವರ್ಷದಿಂದ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನಲ್ಲೇ ಕೂತಿದ್ದೇನೆ. ಇಂಕ್‌ಸ್ಕೇಪ್, ಗಿಂಪ್, ಸ್ಕ್ರೈಬಸ್ ಅನ್ನುವ ಡಿಸೈನ್ ಸಾಫ್ಟ್‌ವೇರ್‌ಗಳಿದ್ದರೆ ನನಗೆ ಸಾಕು.

2024ರ ಮಧ್ಯದಲ್ಲಿ ಹೊಸ ಲ್ಯಾಪ್‌ಟಾಪ್ ತಂದೆ. ಅದರ ಗ್ರಾಫಿಕ್ಸ್ ಹೇಗೆ ನಡೆದಿದೆ ಅನ್ನುವುದಷ್ಟೇ ಇಲ್ಲಿ ಹೇಳುತ್ತೇನೆ. ಲ್ಯಾಪ್‌ಟಾಪ್ ಕಂಪನಿಯ ಹೆಸರು ಬೇಡ. ಪ್ರೊಸೆಸರ್ ಮಾತ್ರ ಹೇಳಲೇಬೇಕು: ಇಂಟೆಲ್ ಕೋರ್ ಅಲ್ಟ್ರಾ 5, ಅಂದರೆ ಡಿಸೆಂಬರ್ 2023ರಲ್ಲಿ ಬಂದ ಮೀಟಿಯರ್ ಲೇಕ್ ಪೀಳಿಗೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರ್ ಜೊತೆ ಬಂದದ್ದೇ. ಕೊಂಡದ್ದು ಹುಬ್ಬಳ್ಳಿಯಲ್ಲಿ. ಲಿನಕ್ಸ್ ಹಾಕುತ್ತೇನೆ ಅಂದಾಗ ಅಂಗಡಿಯವರು, "ಯಾಕ್ರಿ ಸರ, ವಿಂಡೋಸ್ ಜೋಡಿನ ಬಂದೈತಲ್ರಿ?" ಅಂದರು. ನಕ್ಕು ಬಂದೆ.

ಮೊದಲ ತಪ್ಪು ನನ್ನದೇ. ಹಳೇ ಲ್ಯಾಪ್‌ಟಾಪ್‌ನಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ನಡೆದ ಡಿಸ್ಟ್ರೋವನ್ನೇ (ಲಿನಕ್ಸ್‌ನ ಒಂದು ಸಿದ್ಧ ರೂಪ) ಇದಕ್ಕೂ ಹಾಕಿದೆ. ಅದರ ಕರ್ನಲ್, ಅಂದರೆ ಯಂತ್ರವನ್ನು ನಡೆಸುವ ಲಿನಕ್ಸ್‌ನ ತಿರುಳು, 6.1ನೇ ಆವೃತ್ತಿ. ಇನ್‌ಸ್ಟಾಲ್ ಆಯಿತು, ಡೆಸ್ಕ್‌ಟಾಪ್ ಕೂಡ ಬಂತು. ಆದರೆ ಬ್ರೈಟ್‌ನೆಸ್ ಕೀ ಒತ್ತಿದರೆ ಪರದೆ ಜಪ್ಪಯ್ಯ ಅನ್ನಲಿಲ್ಲ. ಎಚ್‌ಡಿಎಂಐ ವೈರ್ ಚುಚ್ಚಿದರೂ ದೊಡ್ಡ ಮಾನಿಟರ್ ಕಪ್ಪಗೇ ಇತ್ತು. ಒಂದು ವಿಂಡೋ ಹಿಡಿದು ಎಳೆದರೆ ಅದು ಗೂಳಿ ಹಿಂದೆ ಬರೋ ಬಂಡಿಯಂತೆ ತಡೆದು ತಡೆದು ಬರುತ್ತಿತ್ತು. ಫ್ಯಾನ್ ಮಾತ್ರ ಜೋರು.

ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಗ್ರಾಫಿಕ್ಸ್ ಅಂತ ಇರುವ ಕಡೆ ನೋಡಿದೆ. ಇಂಟೆಲ್ ಹೆಸರಿಲ್ಲ. 'ಎಲ್‌ಎಲ್‌ವಿಎಂಪೈಪ್' ಅಂತ ಇತ್ತು. ಈ ಪದ ಕಂಡರೆ ಅರ್ಥ ಒಂದೇ: ಗ್ರಾಫಿಕ್ಸ್ ಚಿಪ್ ಸುಮ್ನೆ ಕೂತಿದೆ, ಅದರ ಕೆಲಸವನ್ನೂ ಸಿಪಿಯುನೇ ಮೈಮೇಲೆ ಹಾಕಿಕೊಂಡಿದೆ.

ವಿಂಡೋಸ್‌ನಿಂದ ಬಂದವರು ಇಲ್ಲಿ ಎಡವುತ್ತಾರೆ. ಡ್ರೈವರ್ (ಚಿಪ್ ನಡೆಸುವ ಸಾಫ್ಟ್‌ವೇರ್) ಎಲ್ಲಿ ಡೌನ್‌ಲೋಡ್ ಮಾಡಲಿ ಅಂತ ಹುಡುಕುತ್ತಾರೆ. ಇಂಟೆಲ್, ಎಎಂಡಿ ಚಿಪ್‌ಗಳಿಗೆ ಹಾಗೆ ಹುಡುಕುವಂಥದ್ದು ಏನಿಲ್ಲ. ಡ್ರೈವರ್ ಕರ್ನಲ್ ಒಳಗೇ ಇರುತ್ತದೆ. ಬರೆದು ಸೇರಿಸುವವರಲ್ಲಿ ಆ ಕಂಪನಿಗಳ ಎಂಜಿನಿಯರ್‌ಗಳೇ ಜಾಸ್ತಿ. ಕರ್ನಲ್ 6.1 ಬಂದದ್ದು ಡಿಸೆಂಬರ್ 2022ರಲ್ಲಿ, ನನ್ನ ಪ್ರೊಸೆಸರ್ ಮಾರುಕಟ್ಟೆಗೆ ಬರುವುದಕ್ಕೆ ಒಂದು ವರ್ಷ ಮುಂಚೆ. ಮೀಟಿಯರ್ ಲೇಕ್ ಗ್ರಾಫಿಕ್ಸ್ ತಾನಾಗಿಯೇ ಶುರುವಾಗುವಂತಾದದ್ದು ಜನವರಿ 2024ರ ಕರ್ನಲ್ 6.7ರಿಂದ. ಹುಟ್ಟದ ಕೂಸಿಗೆ ಕುಲಾವಿ ಹೊಲಿದಿಡಲಿಲ್ಲ ಅಂತ ಹಳೇ ಕರ್ನಲ್ ಮೇಲೆ ಸಿಟ್ಟು ಮಾಡಿಕೊಂಡರೆ ಹೇಗೆ, ಅಲ್ವಾ?

ಇಷ್ಟು ಗೊತ್ತಾದ ಮೇಲೂ ಜಾಣತನ ಮಾಡಲು ಹೋದೆ. ಹಳೇ ಡಿಸ್ಟ್ರೋ ಬಿಡಲು ಮನಸ್ಸಿಲ್ಲ, ಅದರ ಮೇಲೇ ಹೊಸ ಕರ್ನಲ್ ಒಂದನ್ನು ಕೂರಿಸಿದೆ. ಬ್ರೈಟ್‌ನೆಸ್ ಬಂತು, ಮಾನಿಟರ್ ಬಂತು. ಗೆದ್ದೆ ಅಂದುಕೊಂಡು ಮರುದಿನ ಮುಚ್ಚಳ ಮುಚ್ಚಿ, ಬ್ಯಾಗಿಗೆ ಹಾಕಿ ಹುಬ್ಬಳ್ಳಿ ರೈಲು ಹತ್ತಿದೆ. ಅಣ್ಣಿಗೇರಿ ದಾಟುವ ಹೊತ್ತಿಗೆ ತೊಡೆ ಮೇಲಿದ್ದ ಬ್ಯಾಗ್ ಈಗಷ್ಟೇ ಒಲೆಯಿಂದ ಇಳಿಸಿದ ಹಂಚಿನ ಹಾಗೆ. ಪಕ್ಕದಲ್ಲಿ ಕೂತ ಅಜ್ಜ, "ಏನ್ ತಮ್ಮಾ, ಬುತ್ತಿ ಬಿಸಿ ಐತೇನ?" ಅಂದರು.

ಹುಬ್ಬಳ್ಳಿಯಲ್ಲಿ ಚಹಾ ಅಂಗಡಿಯಲ್ಲಿ ಕೂತು ಕರ್ನಲ್‌ನ ಸಂದೇಶಗಳನ್ನು ತೆಗೆದು ಓದಿದೆ. ಡಿಎಂಸಿ ಫರ್ಮ್‌ವೇರ್ (ಗ್ರಾಫಿಕ್ಸ್‌ನ ಪರದೆ ಭಾಗವನ್ನು ಮಲಗಿಸಿ ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಸಿಗಲಿಲ್ಲ, ಅದಕ್ಕೆ ರನ್‌ಟೈಮ್ ಪವರ್ ಮ್ಯಾನೇಜ್‌ಮೆಂಟ್, ಅಂದರೆ ಕೆಲಸವಿಲ್ಲದಾಗ ವಿದ್ಯುತ್ ಉಳಿಸುವುದನ್ನು, ನಿಲ್ಲಿಸಿದ್ದೇನೆ ಅಂತ ಸ್ಪಷ್ಟವಾಗಿ ಬರೆದಿತ್ತು. ಕೆಳಗೆ ಗ್ರಾಫಿಕ್ಸ್ ಚಿಪ್‌ಗೆ ಕೆಲಸ ಹಂಚುವ ಜಿಯುಸಿ ಫರ್ಮ್‌ವೇರ್‌ನದೂ ಅದೇ ಗೋಳು. ಕರ್ನಲ್ ಹೊಸದು, ಆದರೆ ಚಿಪ್‌ಗೆ ತುಂಬಬೇಕಾದ ಫರ್ಮ್‌ವೇರ್ ಫೈಲ್‌ಗಳ ಪ್ಯಾಕೇಜ್ ಇನ್ನೂ ಹಳೆಯದೇ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇಡೀ ಯಂತ್ರವನ್ನು ಒಟ್ಟಿಗೆ ಮಲಗಿಸುವ ಹಳೆಯ ಗಾಢ ನಿದ್ರೆ ಹೆಚ್ಚಾಗಿ ಇರುವುದಿಲ್ಲ. ಮುಚ್ಚಳ ಮುಚ್ಚಿದಾಗ ಒಂದೊಂದು ಭಾಗವೂ ತಾನೇ ಮಲಗಬೇಕು. ಗ್ರಾಫಿಕ್ಸ್ ಎದ್ದು ಕೂತರೆ ಇಡೀ ಮನೆಗೇ ಜಾಗರಣೆ. ಅಬೌಟ್ ಪುಟದಲ್ಲೂ ಆ ಎಲ್‌ಎಲ್‌ವಿಎಂಪೈಪ್ ಹಾಗೇ ಇತ್ತು, ನಾನೇ ನೋಡಿರಲಿಲ್ಲ.

ಅವತ್ತು ರಾತ್ರಿಯೇ ಉಬುಂಟು 24.04 ಹಾಕಿದೆ. ಏಪ್ರಿಲ್ 2024ರದ್ದು, ಕರ್ನಲ್ 6.8. ಫರ್ಮ್‌ವೇರ್ ಮತ್ತು ಚಿತ್ರ ಬಿಡಿಸುವ ಮೀಸಾ ಲೈಬ್ರರಿ ಕೂಡ ಅದಕ್ಕೆ ಹೊಂದುವಷ್ಟು ಹೊಸವು. ನಾನು ಏನೂ ಮಾಡಬೇಕಾಗಲಿಲ್ಲ. ಅಬೌಟ್ ಪುಟದಲ್ಲಿ ಇಂಟೆಲ್ ಅಂತ ಬಂತು, ಫ್ಯಾನ್ ಬಾಯಿ ಮುಚ್ಚಿತು. ಈಗ ಬ್ಯಾಗ್ ತಣ್ಣಗಿರುತ್ತದೆ. ಅದೇ 24.04ರಲ್ಲಿ ಇದ್ದುಕೊಂಡೇ ಕರ್ನಲ್ 6.11, ಆಮೇಲೆ 6.14 ಅಪ್‌ಡೇಟ್‌ನಲ್ಲಿ ಬಂದವು.

ಒಂದು ತಲೆನೋವು ಮಾತ್ರ ತಿಂಗಳುಗಟ್ಟಲೆ ಕಾಡಿತು. ಪರದೆ ಆಗಾಗ ಮಿಣುಕುತ್ತಿತ್ತು. ನಾನು ಕೆಲಸ ಮಾಡುವಾಗ ಅಲ್ಲ, ಗಿರಾಕಿ ಪ್ರೂಫ್ ಓದುವಾಗ! ಒಬ್ಬ ಯಜಮಾನರು ಪತ್ರಿಕೆಯಲ್ಲಿ ಬೀಗರ ಹೆಸರು ಸರಿ ಇದೆಯಾ ಅಂತ ಬೆರಳಿಟ್ಟು ಓದುತ್ತಿದ್ದರು. ಪರದೆ ಕಣ್ಣು ಮಿಟುಕಿಸಿತು. "ಹೊಸಾದು ಅಂದ್ರೆಲ್ರಿ?" ಅಂದರು. ಕಾರಣ ಪ್ಯಾನೆಲ್ ಸೆಲ್ಫ್ ರಿಫ್ರೆಶ್, ಚಿಕ್ಕದಾಗಿ ಪಿಎಸ್‌ಆರ್. ಪರದೆ ಮೇಲೆ ಏನೂ ಅಲ್ಲಾಡದಿದ್ದರೆ ಪ್ಯಾನೆಲ್ ತನ್ನ ನೆನಪಿನಲ್ಲಿರುವ ಚಿತ್ರವನ್ನೇ ತೋರಿಸುತ್ತಾ ವಿದ್ಯುತ್ ಉಳಿಸುತ್ತದೆ. ಪ್ರೂಫ್ ಓದುವಾಗ ಏನು ಅಲ್ಲಾಡುತ್ತದೆ? ಲಿನಕ್ಸ್ ಶುರು ಮಾಡುವ ಗ್ರಬ್ ಅನ್ನುವ ಪ್ರೋಗ್ರಾಂನ ಕರ್ನಲ್ ಸಾಲಿನಲ್ಲಿ ಪಿಎಸ್‌ಆರ್ ಅನ್ನು ಸೊನ್ನೆ ಮಾಡಿದೆ, ಅಂದರೆ ಆಫ್ ಮಾಡಿದೆ, ಮಿಣುಕು ನಿಂತಿತು. ಬ್ಯಾಟರಿ ಸ್ವಲ್ಪ ಜಾಸ್ತಿ ಹೋಗುತ್ತದೆ, ಹೋಗಲಿ.

ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್ ಕತೆ ಬೇರೆ. ಅವರು ಮೇ 2022ರಲ್ಲಿ ಕರ್ನಲ್ ಭಾಗದ ಕೋಡ್ ತೆರೆದಿಟ್ಟರು. ಮೇಲಿನ ಭಾಗ ಇನ್ನೂ ಮುಚ್ಚಿದ್ದೇ, ಡ್ರೈವರ್ ಬೇರೆಯಾಗಿಯೇ ಹಾಕಿಕೊಳ್ಳಬೇಕು. ಹಾವೇರಿಯ ನನ್ನ ಗೆಳೆಯ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ಸಾಫ್ಟ್‌ವೇರ್ ತಡೆಯುವ ಕಾವಲು) ಆನ್ ಇಟ್ಟು ಅದನ್ನು ಹಾಕಿದ. ರೀಬೂಟ್ ಆದಾಗ ಬರುವ ನೀಲಿ ಪರದೆಯಲ್ಲಿ ಕೀ ಸೇರಿಸಿ ಪಾಸ್‌ವರ್ಡ್ ಕೊಡಬೇಕಿತ್ತು. ಅವನು ಗಾಬರಿಯಾಗಿ ಕಂಟಿನ್ಯೂ ಒತ್ತಿಬಿಟ್ಟ. ಡ್ರೈವರ್ ಹತ್ತಲೇ ಇಲ್ಲ. ಡಿಟಿಪಿ ಕೆಲಸಕ್ಕಾದರೆ ಆ ಉಸಾಬರಿಯೇ ಬೇಡ.

ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಹೊಸ ಡಿಸ್ಟ್ರೋ ಇರುವ ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ, ಅಂಗಡಿಯವರನ್ನು ಕೇಳಿ ಲೈವ್ ಆಗಿ, ಅಂದರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ, ಬೂಟ್ ಮಾಡಿ. ಅಬೌಟ್ ಪುಟ ನೋಡಿ, ಬ್ರೈಟ್‌ನೆಸ್ ಒತ್ತಿ, ಮುಚ್ಚಳ ಮುಚ್ಚಿ ತೆರೆಯಿರಿ. ಐದು ನಿಮಿಷ ಸಾಕು.

ಗ್ರಾಫಿಕ್ಸ್‌ಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಇದೇ ಲ್ಯಾಪ್‌ಟಾಪ್‌ನ ಬೆರಳಚ್ಚು ಸೆನ್ಸರ್‌ಗೆ ಸೊನ್ನೆ. ಒಂದೂವರೆ ವರ್ಷ ಆದರೂ ಅದು ಲಿನಕ್ಸ್ ಜೊತೆ ಮಾತು ಬಿಟ್ಟಿದೆ, ನಾನು ದಿನಾ ಪಾಸ್‌ವರ್ಡ್ ಹೊಡೆಯುತ್ತಿದ್ದೇನೆ.