ನರ್ಸಿಂಗ್ ಮೊದಲ ವರ್ಷಕ್ಕೆ ಎರಡು ಭಾಗದ ಹೃದಯ ಮಾದರಿ

ನಿಜ ಗಾತ್ರದ ಈ ಪ್ಲಾಸ್ಟಿಕ್ ಹೃದಯದ ಮುಂಭಾಗ ಕಳಚಿ ಬರುತ್ತದೆ, ನಾಲ್ಕೂ ಕೋಣೆಗಳು ಒಮ್ಮೆಗೇ ಕಾಣುತ್ತವೆ. ಎಡ ಹೃತ್ಕುಕ್ಷಿಯ (ಕೆಳಗಿನ ಕೋಣೆಯ) ಗೋಡೆ ಬಲದ್ದಕ್ಕಿಂತ ಸುಮಾರು 3 ಪಟ್ಟು ದಪ್ಪ. ಇಡೀ ದೇಹಕ್ಕೆ ರಕ್ತ ನೂಕುವ ಕೋಣೆ ಯಾವುದೆಂದು ಬೆರಳಿಟ್ಟರೇ ತಿಳಿಯುತ್ತದೆ. ಬಲಭಾಗದ ಕೋಣೆಗಳ ನಡುವಿನ ಟ್ರೈಕಸ್ಪಿಡ್ ಕವಾಟಕ್ಕೆ 3 ದಳ, ಎಡಭಾಗದ ಮೈಟ್ರಲ್‌ಗೆ 2, ಎರಡೂ ಸರಿಯಾಗಿವೆ. ದಳಗಳು ಹಿಂದಕ್ಕೆ ಮಗುಚದಂತೆ ಹಿಡಿದಿಡುವ ಎಳೆಗಳನ್ನೂ ಬಿಡಿಬಿಡಿಯಾಗಿ ತೋರಿಸಿದ್ದಾರೆ. ಈ ಕೆಲಸ ನಿಜಕ್ಕೂ ಚೆನ್ನಾಗಿದೆ.

ಬಣ್ಣದಲ್ಲಿ ಮಾತ್ರ ದೊಡ್ಡ ತಪ್ಪು. ಶ್ವಾಸಕೋಶಕ್ಕೆ ರಕ್ತ ಒಯ್ಯುವ ಪಲ್ಮನರಿ ಆರ್ಟರಿಗೆ ಕೆಂಪು, ಅಲ್ಲಿಂದ ಮರಳಿ ತರುವ ನಾಲ್ಕು ಪಲ್ಮನರಿ ವೇನ್‌ಗಳಿಗೆ ನೀಲಿ ಬಳಿದಿದ್ದಾರೆ. ಶ್ವಾಸಕೋಶಕ್ಕೆ ಹೋಗುವ ರಕ್ತದಲ್ಲಿ ಆಮ್ಲಜನಕ ಕಡಿಮೆ, ಅಲ್ಲಿಂದ ಮರಳುವುದರಲ್ಲಿ ಹೆಚ್ಚು. ಆಮ್ಲಜನಕ ಹೆಚ್ಚಿರುವ ರಕ್ತಕ್ಕೆ ಕೆಂಪು, ಕಡಿಮೆ ಇರುವುದಕ್ಕೆ ನೀಲಿ ತೋರಿಸುವುದು ರೂಢಿ, ಹಾಗಾಗಿ ಬಣ್ಣ ತಿರುವುಮುರುವಾಗಬೇಕು. ಹೊಸಬರು ಪರೀಕ್ಷೆಯಲ್ಲಿ ಎಡವುವುದೂ ಇಲ್ಲೇ. ತರಗತಿಗೆ ಒಯ್ಯುವ ಮೊದಲು ಅಕ್ರಿಲಿಕ್ ಬಣ್ಣದಿಂದ ತಿದ್ದಲೇಬೇಕು.

ಹೃದಯದ ಬಡಿತ ಶುರುಮಾಡುವ ಎಸ್‌ಎ ನೋಡ್ ಗುರುತಿಸಿಲ್ಲ. ಮೇಲಿನ ಮಹಾಸಿರೆ ಬಲ ಹೃತ್ಕರ್ಣವನ್ನು (ಮೇಲಿನ ಕೋಣೆಯನ್ನು) ಸೇರುವ ಜಾಗದಲ್ಲಿ ಹಳದಿ ಸ್ಟಿಕರ್ ಅಂಟಿಸಿಕೊಳ್ಳಿ. ಎರಡು ಭಾಗ ಜೋಡಿಸುವ ಆಯಸ್ಕಾಂತಗಳು ಅಂಟು ಬಿಟ್ಟು ಬರುತ್ತವೆ, ಎಪಾಕ್ಸಿ ಹಾಕಿದರೆ ನಿಲ್ಲುತ್ತವೆ. ಸ್ಪಿರಿಟ್‌ನಿಂದ ಒರೆಸಬೇಡಿ, ಬಣ್ಣ ಕರಗಬಹುದು. ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು.