ಪುಣೆಯಲ್ಲಿ ಹಿರಿಯರ ಮನೆಗೇ ಬರುವ ಕಲಾ ತರಗತಿ: ಐದು ತಿಂಗಳ ಅನುಭವ

ನಮ್ಮ ಮನೆ ಕರ್ವೆನಗರದಲ್ಲಿ, ಮೂರನೇ ಮಹಡಿ. ಹಳೇ ಬಿಲ್ಡಿಂಗ್, ಲಿಫ್ಟ್ ಇಲ್ಲ. ಅವ್ವನಿಗೆ ಈಗ 79. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆದ ಮೇಲೆ ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾಳೆ, ಆದರೆ ಮೆಟ್ಟಿಲು ಇಳಿಯಲು ಆಗುವುದಿಲ್ಲ. ನಾನು, ನನ್ನ ಗಂಡ ಬೆಳಿಗ್ಗೆ ಎಂಟೂವರೆಗೆ ಹೊರಟರೆ ಮನೆ ಸೇರೋದು ಸಂಜೆ ಏಳಕ್ಕೆ. ಮನೆಗೆಲಸದ ಬಾಯಿ ಹನ್ನೆರಡಕ್ಕೆ ಹೋದ ಮೇಲೆ ಅವ್ವ ಒಬ್ಬಳೇ. ಧಾರವಾಡದಲ್ಲಿ ಕಟ್ಟೆ ಮೇಲೆ ಕೂತರೆ ಓಣಿಯವರೆಲ್ಲ ಮಾತಾಡಿಸಿ ಹೋಗುತ್ತಿದ್ದರು.

ಆಫೀಸಿನ ಗೆಳತಿಯೊಬ್ಬಳು ಈ ಸೇವೆಯ ಬಗ್ಗೆ ಹೇಳಿದಳು. ವಾರಕ್ಕೊಮ್ಮೆ ಟೀಚರ್ ಮನೆಗೆ ಬರುತ್ತಾರೆ, ಒಂದೂವರೆ ಗಂಟೆ ಇರುತ್ತಾರೆ. ಒಂದು ಸಲಕ್ಕೆ 700 ರೂಪಾಯಿ, ನಾಲ್ಕು ವಾರದ ದುಡ್ಡು ಮೊದಲೇ ಕಟ್ಟಬೇಕು. ಸಾಮಾನಿನ ಖರ್ಚು ಬೇರೆ.

ಶುರುವಿನಲ್ಲಿ ನನಗೆ ಬೇಜಾರೇ ಆಗಿತ್ತು. ಫಾರ್ಮ್‌ನಲ್ಲಿ ಬಿಪಿ ಇದೆಯಾ, ಶುಗರ್ ಇದೆಯಾ ಅಂತ ಕೇಳಿದ್ದರು. ಅವ್ವನಿಗೆ ಏನು ಬರುತ್ತೆ, ಏನು ಇಷ್ಟ ಅಂತ ಒಂದು ಪ್ರಶ್ನೆಯೂ ಇರಲಿಲ್ಲ. 450 ರೂಪಾಯಿಯ ಕಿಟ್ ಬಂತು. ಒಳಗೆ ಕ್ರೇಯಾನ್, ನವಿಲಿನ ಚಿತ್ರ ಅಚ್ಚು ಹಾಕಿದ ಹಾಳೆಗಳು. ಅವ್ವ ಹಾಳೆ ತಿರುಗಿಸಿ ನೋಡಿ, "ಇದು ಸಣ್ಣ ಹುಡುಗರ್ದಲ್ಲೇನವಾ?" ಅಂದಳು. ಕ್ರೇಯಾನ್ ಮುಟ್ಟಲೇ ಇಲ್ಲ. ಆ ಕಿಟ್ ಇನ್ನೂ ಕಪಾಟಿನ ಮೇಲಿದೆ.

ಎರಡನೇ ವಾರ ಟೀಚರ್ ಕಣ್ಣಿಗೆ ಅವ್ವನ ಟ್ರಂಕಿನ ಮೇಲೆ ಹಾಸಿದ್ದ ಬಟ್ಟೆ ಬಿತ್ತು. ಅವ್ವ ಮದುವೆಗೆ ಮುಂಚೆ ಹಾಕಿದ ಕಸೂತಿ ಅದು, ನಡುವೆ ತುಳಸಿ ಕಟ್ಟೆ. ಟೀಚರ್ ಅಂಚು ಮಗುಚಿ ಹಿಂಬದಿ ನೋಡಿದರು, ಗಂಟು ಎಲ್ಲಿ ಅಂತ ಹುಡುಕಿದರು. ಕಸೂತಿಯಲ್ಲಿ ಗಂಟು ಹಾಕೋದಿಲ್ಲ ಅಲ್ವಾ. ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವುದೂ ಇಲ್ಲ, ಎಳೆ ಎಣಿಸಿಯೇ ಹಾಕಬೇಕು. ಗವಂತಿ, ಮುರಗಿ ಅನ್ನುವ ಹೊಲಿಗೆಗಳು ಎರಡೂ ಹಿಂದೆ ಮುಂದೆ ಒಂದೇ ಥರ ಕಾಣುತ್ತವೆ. ಅವ್ವ ತನಗೆ ಬರುವಷ್ಟು ಮರಾಠಿಯಲ್ಲಿ ಹೇಳುತ್ತಾ ಹೋದಳು, ಟೀಚರ್ ನೋಟ್‌ಬುಕ್ಕಿನಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಅಂತ ನಾಲ್ಕೂ ಹೊಲಿಗೆಯ ಹೆಸರು ಬರೆದುಕೊಂಡರು.

"ಈಗ ಕಣ್ಣು ಕಾಣಸೂದಿಲ್ಲವಾ" ಅಂತ ಅವ್ವ ಕೈಬಿಟ್ಟಿದ್ದಳು. ಮೂರನೇ ವಾರ ಟೀಚರ್ ರವಿವಾರ ಪೇಠೆಯ ಬೋಹ್ರಿ ಆಳಿಯಿಂದ ಬಿಳಿ ಮ್ಯಾಟಿ ಬಟ್ಟೆ ತಂದರು. ನೇಯ್ಗೆ ದಪ್ಪ, ತೂತು ಎದ್ದು ಕಾಣುತ್ತದೆ. ಜೊತೆಗೆ ದೊಡ್ಡ ಕಣ್ಣಿನ ಮೊಂಡು ಸೂಜಿ, ಕಡು ಕೆಂಪು ದಾರ. ಅವ್ವನ ಮಡಿಲಲ್ಲಿ ಕಪ್ಪು ಟವೆಲ್ ಹಾಸಿ ಅದರ ಮೇಲೆ ಬಟ್ಟೆ ಇಟ್ಟರು. ಅಷ್ಟಕ್ಕೇ ಒಂದೊಂದು ತೂತೂ ಕಪ್ಪು ಚುಕ್ಕಿಯಾಗಿ ಕಂಡಿತು! ಹೊರಡುವಾಗ ಹತ್ತು ಸೂಜಿಗೆ ದಾರ ಪೋಣಿಸಿ ಸ್ಪಂಜಿಗೆ ಚುಚ್ಚಿಟ್ಟು ಹೋದರು. ಸೂಜಿ ಪೋಣಿಸಲು ಅವ್ವ ಯಾರಿಗೂ ಕಾಯಬೇಕಾಗಿಲ್ಲ. ಈಗ ಪ್ರತಿ ವಾರ ಹೀಗೇ ಮಾಡುತ್ತಾರೆ. ನನ್ನ ಪ್ರಕಾರ ಕೊಟ್ಟ ದುಡ್ಡು ಸಾರ್ಥಕ ಆಗಿದ್ದು ಈ ಹತ್ತು ಸೂಜಿಯಲ್ಲಿ.

ಒಂದು ಮಂಗಳವಾರ ನಾನು ರಜೆ ಹಾಕಿ ಮನೆಯಲ್ಲಿದ್ದೆ. ಅವ್ವ ಗೋಪುರ ಹಾಕುತ್ತಿದ್ದಳು. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕಿ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬಬೇಕು. ಎಲ್ಲೋ ಒಂದು ಎಳೆ ತಪ್ಪಿತ್ತು. ಹೋಗುವಾಗ ಗೊತ್ತಾಗಿಲ್ಲ, ಬರುವಾಗ ಗೆರೆ ಕೂಡಲಿಲ್ಲ. "ತಪ್ಪೇತಿ. ಬಿಚ್ಚಬೇಕು" ಅಂದಳು. ನಲವತ್ತು ನಿಮಿಷ ಬಿಚ್ಚಿದಳು. ಟೀಚರ್ "ಇರಲಿ ಬಿಡಿ ಆಜಿ, ಚೆನ್ನಾಗೇ ಇದೆ" ಅಂತ ಹೇಳಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ. ಪಕ್ಕದಲ್ಲಿ ಕೂತು ಬಿಚ್ಚಿದ ದಾರ ಸುತ್ತುತ್ತಾ ಇದ್ದರು. ಆವತ್ತು ಹೊಸದಾಗಿ ಒಂದು ಹೊಲಿಗೆಯೂ ಬೀಳಲಿಲ್ಲ. ವಯಸ್ಸಾದವರ ಕೆಲಸಕ್ಕೆ ಇಷ್ಟು ಮರ್ಯಾದೆ ಕೊಡುವವರನ್ನು ನಾನು ಜಾಸ್ತಿ ನೋಡಿಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದು ವಾರ. ಟೀಚರಿಗೆ ಜ್ವರ ಅಂತ ಬೇರೆಯವರನ್ನು ಕಳಿಸಿದರು, ನಮಗೆ ಹೇಳಲೂ ಇಲ್ಲ. ಬಂದವರಿಗೆ ಫೋಟೋ ಬೇಕಿತ್ತು. ಗೋಪುರದ ಕಳಸವನ್ನು ತಾವೇ ಮುಗಿಸಿ, ಅವ್ವನ ಕೈಗೆ ಫ್ರೇಮ್ ಕೊಟ್ಟು ಫೋಟೋ ತೆಗೆದುಕೊಂಡು ಹೋದರು. ನಾನು ಸಂಜೆ ಬಂದಾಗ ಅವ್ವ ಕಳಸ ಬಿಚ್ಚುತ್ತಾ ಕೂತಿದ್ದಳು. "ಇದು ನನ್ನ ಕೈ ಅಲ್ಲ" ಅಂದಳು. ಫೋನ್ ಮಾಡಿ ಖಡಕ್ಕಾಗಿ ಹೇಳಿದೆ. ಆ ದಿನದ ದುಡ್ಡು ವಾಪಸ್ ಕೊಟ್ಟರು. ಈಗ ಬೇರೆಯವರನ್ನು ಕಳಿಸುವ ಮೊದಲು ಕೇಳುತ್ತಾರೆ.

ಬುಧವಾರದಿಂದ ಸೋಮವಾರದವರೆಗೆ ಅವ್ವ ಮಧ್ಯಾಹ್ನವೆಲ್ಲ ಈಗಲೂ ಒಬ್ಬಳೇ. ವಾರಕ್ಕೆ ಒಂದೂವರೆ ಗಂಟೆಯಿಂದ ಅದು ಬದಲಾಗೋದಿಲ್ಲ, ನನಗದು ಗೊತ್ತಿದೆ. ಆದರೆ ಮಂಗಳವಾರ ನಾನು ಹೊರಡುವ ಮೊದಲು ಒಗ್ಗರಣೆ ಅವಲಕ್ಕಿ ಎರಡು ತಾಟಿಗೆ ಆಗುವಷ್ಟು ಮಾಡಿಡಲು ಹೇಳುತ್ತಾಳೆ. ಕನ್ನಡಕ ಒರೆಸಿಸಿಕೊಳ್ಳುತ್ತಾಳೆ.

ನೀವು ಈ ತರಗತಿ ಹಚ್ಚುವುದಾದರೆ ಕಿಟ್ ಬೇಡ ಅನ್ನಿ. ನಿಮ್ಮ ಹಿರಿಯರ ಕೈಗೆ ಮೊದಲು ಏನು ಬರುತ್ತಿತ್ತು ಅಂತ ನೀವೇ ಬರೆದುಕೊಡಿ. ಕೌದಿಯೋ, ರಂಗೋಲಿಯೋ, ಭಜನೆಯೋ, ಏನಿದ್ದರೂ ಸರಿ. ಬೆರಳು ಮಡಚಲು ಆಗದವರಿಗೆ ಕಸೂತಿ ಸುಮ್ನೆ ಹಿಂಸೆ, ಅದನ್ನೂ ಮೊದಲೇ ಹೇಳಿ. ಕನ್ನಡ ಬರುವ ಟೀಚರ್ ಇವರಲ್ಲಿ ಒಬ್ಬರೂ ಇಲ್ಲ. ಪುಣೆಯಲ್ಲಿ ಇಷ್ಟೊಂದು ಕನ್ನಡದ ಮನೆಗಳಿವೆ, ಒಬ್ಬರನ್ನಾದರೂ ಇಟ್ಟುಕೊಳ್ಳಿ ಅಂತ ಕೇಳಿದ್ದೇನೆ.

ಬರುವ ತಿಂಗಳಿಂದ ವಾರಕ್ಕೆ ಎರಡು ದಿನ ಮಾಡಿಸಿದ್ದೇವೆ. ಶುಕ್ರವಾರ ಬೆಳಿಗ್ಗೆ ಮಾತ್ರ ಖಾಲಿ ಇದೆ ಅಂದರು. ಆ ಹೊತ್ತಿಗೆ ಅವ್ವನ ಕಿಟಕಿಯಲ್ಲಿ ಬೆಳಕು ಚೆನ್ನಾಗಿರುತ್ತದೆ, ಒಪ್ಪಿಕೊಂಡೆವು. ಅಂಬಾರಿ ಹೊತ್ತ ಆನೆ ಹಾಕಬೇಕಂತೆ, ಅದಕ್ಕೆ ನೇಗಿ ಬೇಕು, ಕಪ್ಪು ಬಟ್ಟೆ ತರಿಸು ಅಂದಿದ್ದಾಳೆ.